ಶಾನುಭೋಗರ ಕಡತ: ಕಂದಾಯಾಡಳಿತದ ಸುಧಾರಣೆಯನ್ನು ಕುರಿತು ಒಂದು ವಿಚಾರ

ಮೈಸೂರು ಸಂಸ್ಥಾನದ ಆಡಳಿತ ಸುಧಾರಣೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ದಿವಾನರಿಂದ ಆರಂಭಿಸುತ್ತಾರೆ. ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ (೧೮೮೩–೧೯೦೧) ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆ ಏರ್ಪಟ್ಟುದೂ, ೧೯೧೮ರಲ್ಲಿ ನೇಮಕವಾದ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯು ಬ್ರಾಹ್ಮಣೇತರರಿಗೆ ಸರ್ಕಾರಿ ಹುದ್ದೆಗಳಲ್ಲಿ ತಕ್ಕ ಪಾಲು ದೊರೆಯಬೇಕೆಂದು ಶಿಫಾರಸು ಮಾಡಿದುದೂ ಸುಪರಿಚಿತ ಸಂಗತಿಗಳು. ಇವುಗಳ ಮಹತ್ತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಯಲಹಂಕದ ಅಥವಾ ಹೆಬ್ಬಾಳದ ರೈತನಿಗೆ ದಿವಾನರು ದೂರದ ಹೆಸರು. ಅವನು ದಿನವೂ ಕಾಣುತ್ತಿದ್ದ ಸರ್ಕಾರವೆಂದರೆ ಪಟೇಲ ಮತ್ತು ಶಾನುಭೋಗ. ಸಾರ್ವಜನಿಕ ಸೇವೆಯ ಸುಧಾರಣೆಯನ್ನು ಈ ಕೆಳತುದಿಯಿಂದ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಶಾನುಭೋಗಿಕೆಯು ವಂಶಪಾರಂಪರ್ಯವಾದ ಹುದ್ದೆ. ೧೯೦೮ರ ಮೈಸೂರು ಗ್ರಾಮಾಧಿಕಾರಗಳ ಕಾಯಿದೆಯು ಅದನ್ನು ಕ್ರಮಪಡಿಸಿತೇ ಹೊರತು ವಂಶದ ಹಕ್ಕನ್ನು ತೆಗೆಯಲಿಲ್ಲ. ತಂದೆಯ ಅನಂತರ ಮಗ. ಪ್ರತಿಫಲವಾಗಿ ಇನಾಂ ಭೂಮಿ ಅಥವಾ ಪೊಟಗಿ. (ನಾಡಪ್ರಭುಗಳ ಊರಾದ ಯಲಹಂಕದಲ್ಲಿ ಅಧಿಕಾರವು ವಂಶಕ್ಕೆ ಅಂಟಿಕೊಂಡು ಬರುವುದು ಯಾರಿಗೂ ವಿಚಿತ್ರವಾಗಿ ಕಂಡಿರಲಾರದು.) ಯಾವ ಸರ್ವೆ ನಂಬರು ಯಾರದು, ವಿಸ್ತೀರ್ಣವೆಷ್ಟು, ಕಂದಾಯವೆಷ್ಟು ಎಂಬ ಲೆಕ್ಕವೆಲ್ಲ ಅವರ ಕಡತದಲ್ಲಿ, ಕಡತವಿರುತ್ತಿದ್ದುದು ಬಹುಮಟ್ಟಿಗೆ ಅವರ ಮನೆಯಲ್ಲೇ. ಅದರಿಂದಾಗಿ ಊರಿನ ಪ್ರತಿಯೊಂದು ಹೊಲದ ಚರಿತ್ರೆಯನ್ನೂ ಬಲ್ಲ ಒಬ್ಬ ಮನುಷ್ಯ ಊರಿಗೆ ದೊರೆಯುತ್ತಿದ್ದನೆಂಬುದನ್ನು ಮರೆಯಲಾಗದು. ಆದರೆ ಆ ಮನುಷ್ಯನೊಡನೆ ವಿರಸ ಕಟ್ಟಿಕೊಂಡವನಿಗೆ ಬೇರೆ ಬಾಗಿಲೇ ಇರಲಿಲ್ಲ.

೧೯೫೬ರ ಏಕೀಕರಣದಿಂದ ಸಮಸ್ಯೆ ಇನ್ನೊಂದು ರೂಪ ತಾಳಿತು. ಧಾರವಾಡ, ಬೆಳಗಾವಿಗಳ ಕಡೆ ಇದೇ ಕೆಲಸ ಮಾಡುತ್ತಿದ್ದವನು ಕುಲಕರ್ಣಿ, ಹೈದರಾಬಾದಿನಿಂದ ಬಂದ ಜಿಲ್ಲೆಗಳಲ್ಲಿ ಪಟವಾರಿ, ಬಳ್ಳಾರಿಯಲ್ಲಿ ಕರಣಂ. ಮುಂಬಯಿ ಪ್ರಾಂತವು ಕುಲಕರ್ಣಿ ವತನಗಳನ್ನು ೧೯೫೦ರ ಕಾಯಿದೆಯಿಂದಲೇ ರದ್ದುಪಡಿಸಿದ್ದುದರಿಂದ ಒಂದೇ ರಾಜ್ಯದಲ್ಲಿ ಎರಡು ಪದ್ಧತಿಗಳು ನಡೆಯಬೇಕಾಯಿತು. ಕೊನೆಗೆ ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದು, ಪಟೇಲ, ಶಾನುಭೋಗರಿಂದ ಹಿಡಿದು ತೋಟಿ, ತಳವಾರ, ನೀರುಗಂಟಿಗಳವರೆಗೆ ಎಲ್ಲ ವಂಶಪಾರಂಪರ್ಯದ ಹುದ್ದೆಗಳೂ ಕೊನೆಗೊಂಡವು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಹುದ್ದೆಗೆ ಸೇರಿದ್ದ ಇನಾಂ ಭೂಮಿಗಳನ್ನು ಸರ್ಕಾರವು ವಶಪಡಿಸಿಕೊಂಡು, ಹುದ್ದೆದಾರರಿಗೇ ಪುನಃ ಮಂಜೂರು ಮಾಡಲು ಅವಕಾಶ ಕಲ್ಪಿಸಿತು. ನಗರವು ಹಬ್ಬಿದಂತೆ ಈ ಭೂಮಿಗಳು ಬಹುಕಾಲ ನ್ಯಾಯಾಲಯಗಳಲ್ಲಿ ಉಳಿದವು.

ಈ ಸುಧಾರಣೆಯನ್ನು ನಾವು ದೊಡ್ಡದೆಂದೇ ಎಣಿಸುತ್ತೇವೆ. ಹುಟ್ಟಿನಿಂದ ಬರುತ್ತಿದ್ದ ಹುದ್ದೆಯು ನೇಮಕದಿಂದ ಬರುವಂತಾಯಿತು; ಯಾವ ಜಾತಿಯವನಾದರೂ ಗ್ರಾಮದ ಲೆಕ್ಕವನ್ನು ಬರೆಯಬಹುದಾಯಿತು. ಮಿಲ್ಲರ್ ಸಮಿತಿಯ ಆಶಯವು ಗ್ರಾಮವನ್ನು ಮುಟ್ಟಿದುದು ಆಗಲೇ ಎನ್ನಬಹುದು. ಆದರೂ ಬದಲಾದವನು ಲೇಖಕ, ಕಡತದ ಏಕಸ್ವಾಮ್ಯವಲ್ಲ. ಪಹಣಿ ಬೇಕಾದವನು ಈಗ ಮೂರು ನಾಲ್ಕು ಗ್ರಾಮಗಳಿಗೆ ಒಬ್ಬನಾದ ಲೆಕ್ಕಿಗನನ್ನು ಅರಸಿಕೊಂಡು ಹೋಗಬೇಕಿತ್ತು. ಶಾನುಭೋಗನು ಊರಲ್ಲಾದರೂ ಸಿಗುತ್ತಿದ್ದನು!

ಈ ಏಕಸ್ವಾಮ್ಯವನ್ನು ಮುರಿದುದು ೨೦೦೧ರ ವೇಳೆಗೆ ರಾಜ್ಯದ ೧೭೭ ತಾಲ್ಲೂಕುಗಳಿಗೂ ಹಬ್ಬಿದ 'ಭೂಮಿ' ಯೋಜನೆ. ಸುಮಾರು ೬೭ ಲಕ್ಷ ರೈತರಿಗೆ ಸೇರಿದ ೨ ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ೧೫ ರೂಪಾಯಿ ಕೊಟ್ಟವರಿಗೆಲ್ಲ ಪಹಣಿ ದೊರೆಯತೊಡಗಿತು. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಹೋಯಿತು. ಇದಕ್ಕಿಂತಲೂ ಮುಖ್ಯವಾದುದು ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮ. ಹಿಂದೆ ಬಂದವನ ಕಾಗದವನ್ನು ಮುಂದಕ್ಕೆ ತಳ್ಳುವ ಅವಕಾಶವನ್ನು ಯಂತ್ರವು ಕೊಡದು.

೨೦೦೮ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ತೆರೆದ ಮೇಲೆ ಯಲಹಂಕ, ಜಾಲ ಹೋಬಳಿಗಳ ಪಹಣಿಯೊಂದರ ಬೆಲೆಯೇನೆಂಬುದನ್ನು ವಿವರಿಸಬೇಕಾಗಿಲ್ಲ. ದಾಖಲೆಯು ಕಿಟಕಿಗೆ ಬಂದುದರಿಂದ ಸಣ್ಣ ಹಿಡುವಳಿದಾರನಿಗಿಂತ ದೊಡ್ಡ ಖರೀದಿದಾರನಿಗೇ ಹೆಚ್ಚು ಅನುಕೂಲವಾಯಿತೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಈ ವಾದವನ್ನು ನಾವು ಪೂರ್ಣವಾಗಿ ಒಪ್ಪುವುದಿಲ್ಲ; ಮುಚ್ಚಿದ ಕಡತವು ಬಡವನನ್ನು ಕಾಪಾಡಿತ್ತೆಂಬುದಕ್ಕೆ ಆಧಾರ ಸಾಲದು. ಆದರೆ ಊರಿನ ಬಾಯಿಮಾತಿನಲ್ಲಿ ಉಳಿದಿದ್ದ ಹಕ್ಕುಗಳು, ಮುಖ್ಯವಾಗಿ ವಿಭಾಗವಾಗದ ಮನೆತನಗಳ ಹಾಗೂ ಹೆಣ್ಣುಮಕ್ಕಳ ಪಾಲು, ಯಂತ್ರದ ಪಟ್ಟಿಯೊಳಗೆ ತಾವಾಗಿಯೇ ಸೇರಲಾರವೆಂಬ ಮಾತು ನಿಜ.

ಮುಂದೆ ೨೦೧೧ರ ಸಕಾಲ ಕಾಯಿದೆಯು ೨೦೧೨ರ ಏಪ್ರಿಲ್ ೨ರಿಂದ, ಮೊದಲು ೧೧ ಇಲಾಖೆಗಳ ೧೫೧ ಸೇವೆಗಳಿಗೆ ಅವಧಿ ಗೊತ್ತುಮಾಡಿತು. ವಿಳಂಬವಾದರೆ ದಿನಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿಗೆ ಮೀರದಂತೆ ಅರ್ಜಿದಾರನಿಗೆ ಪರಿಹಾರ; ಅದನ್ನು ತೆರಬೇಕಾದವನು ತಪ್ಪಿತಸ್ಥ ಅಧಿಕಾರಿ. ಮೊತ್ತ ಅಲ್ಪವಾದರೂ ತತ್ತ್ವ ಹೊಸದು: ನೌಕರನು ಇಲಾಖೆಗೆ ಮಾತ್ರವಲ್ಲದೆ ಅರ್ಜಿದಾರನಿಗೂ ಹೊಣೆಗಾರನಾದನು.

ಆದರೂ ಒಂದು ಹೆಜ್ಜೆ ಉಳಿದಿದೆ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಬೇಕಾದರೆ ವಾರಸುದಾರರು ಯಾರೆಂದು ಸ್ಥಳದಲ್ಲಿ ವಿಚಾರಿಸಿ ವರದಿ ಬರೆಯುವವರು, ಈಚೆಗೆ 'ಗ್ರಾಮ ಆಡಳಿತ ಅಧಿಕಾರಿ'ಯೆಂದು ಹೆಸರು ಪಡೆದಿರುವ ಅದೇ ಗ್ರಾಮಲೆಕ್ಕಿಗರು. ಅವರ ವರದಿ ಪ್ರತಿಕೂಲವಾಗಿ, ಅವಧಿಯೊಳಗೇ ಅರ್ಜಿ ತಿರಸ್ಕೃತವಾದರೆ, ಸಕಾಲದ ಲೆಕ್ಕದಲ್ಲಿ ಅದು ವಿಳಂಬವೆನಿಸದು. ಅರ್ಜಿದಾರನು ಮೇಲ್ಮನವಿ ಸಲ್ಲಿಸಬಹುದು. ಅದನ್ನು ಕೇಳುವವರು ಅದೇ ಇಲಾಖೆಯ ಮೇಲಧಿಕಾರಿಗಳು, ಅವರ ಮುಂದಿರುವುದು ಅದೇ ವರದಿ.