ಆಡಿಗೆ ಬಿಸಿಲು ತಟ್ಟದೆಂಬ ನಂಬಿಕೆ

ಬೇಸಿಗೆಯಲ್ಲಿ ಶೆಟ್ಟಿಕೆರೆ ಸುತ್ತಿನ ತೋಟದವರು ತೆಂಗಿಗೆ ನೀರು ತಪ್ಪಿಸುವುದಿಲ್ಲ. ಅದೇ ತೋಟದಲ್ಲಿ ಕಟ್ಟಿದ ಆಡಿನ ಮುಂದೆ ಎಷ್ಟೋ ಕಡೆ ನೀರಿನ ಬಾನಿಯೇ ಇರುವುದಿಲ್ಲ. ಕೇಳಿದರೆ, ‘ಆಡು ತಾನೆ, ಅದಕ್ಕೇನು ಬಿಸಿಲು ತಟ್ಟುತ್ತೆ?’ ಎನ್ನುತ್ತಾರೆ.

ಮಾತು ಪೂರ್ತಿ ಸುಳ್ಳಲ್ಲ. ಹಸು, ಎಮ್ಮೆಗಿಂತ ಆಡು ಸೆಕೆ ತಡೆಯುತ್ತದೆ. ಸಿನಾಯ್ ಮರುಭೂಮಿಯ ಬೆದೂಯಿನ್ ಆಡುಗಳು ಮೈತೂಕದ ಕಾಲುಭಾಗದಷ್ಟು ನೀರು ಕಳೆದುಕೊಂಡೂ ಬದುಕುತ್ತವೆ. ಆದರೆ ಬದುಕುವುದು ಬೇರೆ, ಮೈ ತುಂಬುವುದು ಬೇರೆ. ಆಡಿನ ಸಹಜ ಮೈಬಿಸಿಯೇ ಸುಮಾರು 39 ಡಿಗ್ರಿ ಸೆಲ್ಸಿಯಸ್. ಹೊಟ್ಟೆಯಲ್ಲಿ ಮೇವು ಹುಳಿಯುವಾಗಲೂ ಬಿಸಿ ಹುಟ್ಟುತ್ತದೆ. ಮೇಲೆ ಬಿಸಿಲೂ ಬಿದ್ದರೆ ಏದುಸಿರು ಬಿಟ್ಟು, ಉಸಿರಿನ ತೇವದಿಂದ ಮೈ ತಣಿಸಿಕೊಳ್ಳಬೇಕು. ನೀರು ಸಾಲದಿದ್ದರೆ ಮೇವು ಕಡಿಮೆ ಮಾಡುತ್ತದೆ, ಹಾಲು ಇಳಿಯುತ್ತದೆ, ಮರಿ ಸೊರಗುತ್ತದೆ.

‘ತೋಟದಲ್ಲೇ ಕಟ್ಟಿದ್ದೀವಲ್ಲ, ನೆರಳಿದೆ’ ಎನ್ನುವುದು ಇನ್ನೊಂದು ನಂಬಿಕೆ. ಎತ್ತರದ ತೆಂಗಿನ ನೆರಳು ತೆಳು, ಹೊತ್ತಿನ ಜೊತೆ ಸರಿಯುತ್ತದೆ. ಬಿಟ್ಟ ಆಡು ಅದರ ಹಿಂದೆ ಹೋಗುತ್ತದೆ. ಗೂಟಕ್ಕೆ ಕಟ್ಟಿದ ಆಡು ಏನು ಮಾಡೀತು? ತಗ್ಗಾದ ತಗಡಿನ ಕೊಟ್ಟಿಗೆ ಇನ್ನೂ ಕಷ್ಟ. ಕಾದ ತಗಡು ಕೆಳಗಿನ ಪ್ರಾಣಿಗೆ ಕಾವು ಸೂಸುತ್ತದೆ. ತಗಡಿನ ಮೇಲೆ ತೆಂಗಿನ ಗರಿ ಹೊದಿಸಿ, ಪಕ್ಕ ಗಾಳಿಗೆ ಬಿಟ್ಟರೆ ಕಾವು ಇಳಿಯುತ್ತದೆ. ಗರಿಗೆ ಈ ಸೀಮೆಯಲ್ಲಿ ಬರವೇ?

ಸೊಪ್ಪು ತಿನ್ನುವ ಆಡಿಗೆ ನೀರು ಬೇಡವೆಂಬುದು ಮಳೆಗಾಲಕ್ಕೆ ತಕ್ಕಮಟ್ಟಿಗೆ ಸರಿ. ಬೇಸಿಗೆಯಲ್ಲಿ ಅದು ತಿನ್ನುವುದು ಹುರುಳಿ ಹೊಟ್ಟು, ಒಣ ಕಡಲೆಕಾಯಿ ಬಳ್ಳಿ. ಆಗ ದೊಡ್ಡ ಆಡಿಗೆ ದಿನಕ್ಕೆ ನಾಲ್ಕೈದು ಲೀಟರ್, ಹಾಲುಣಿಸುವ ತಾಯಿಗೆ ಇನ್ನೂ ಹೆಚ್ಚು ಬೇಕು. ಕಾಳು ತಿಂದು ಬೆಳೆಯುವ ಹೋತಕ್ಕೆ ನೀರು ಸಾಲದಿದ್ದರೆ ಮೂತ್ರನಾಳದಲ್ಲಿ ಕಲ್ಲು ಕಟ್ಟುವ ಅಪಾಯ ಹೆಚ್ಚು. ಮೂತ್ರ ನಿಂತ ಹೋತ ಸಾಯಲೂಬಹುದು.

‘ನೀರು ಕುಡಿಸಿದರೆ ಮರಿ ಕೆಡುತ್ತೆ’ ಎಂಬ ಭಯಕ್ಕೂ ಕಾರಣವಿದೆ. ಬಹಳ ಹೊತ್ತು ಬಾಯಾರಿದ ಎಳೆಮರಿ ಒಮ್ಮೆಗೇ ವಿಪರೀತ ಕುಡಿದರೆ ರಕ್ತಕಣ ಒಡೆದು ಮೂತ್ರ ಕೆಂಪಾಗುವುದುಂಟು. ತಪ್ಪು ನೀರಿನದಲ್ಲ, ಬಾಯಾರಿಸಿದ್ದರದು. ಅಂಥ ಮರಿಗೆ ಸ್ವಲ್ಪ ಸ್ವಲ್ಪವೇ ಕೊಡಿ.

ಬಾನಿಯನ್ನು ಹೊಂಗೆಯಡಿಯ ದಟ್ಟ ನೆರಳಲ್ಲಿಟ್ಟು ದಿನವೂ ತೊಳೆಯಿರಿ. ಕೊಳೆ ನೀರಿಗೆ ಆಡು ಸುಲಭವಾಗಿ ಬಾಯಿ ಹಾಕುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಗ್ಗ ಬಿಚ್ಚಿ ಅಲ್ಲಿಗೇ ಕಟ್ಟಿ.