ಬೆಳತೂರಿನ ದೇಕಬ್ಬೆಯ ಮನೆತನ

ನಂಜನಗೂಡು, ತಿರುಮಕೂಡಲು ನರಸೀಪುರ ಪ್ರಾಂತದ ಚರಿತ್ರೆಯನ್ನು ಅಭ್ಯಾಸಮಾಡುವವರು ಗಂಗ, ಚೋಳ, ಹೊಯ್ಸಳ ಅರಸರ ವಂಶಾವಳಿಗಳನ್ನು ಬಲ್ಲರು. ಅರಸುಮನೆತನಕ್ಕೆ ಸೇರದ ಪ್ರಾಚೀನ ಸ್ತ್ರೀಯೊಬ್ಬಳ ಕುಟುಂಬವನ್ನು ಹೀಗೆಯೇ ಗುರುತಿಸಲು ಸಾಧ್ಯವೇ? ಅಮೆರಿಕದ ವಸಾಹತುಕಾಲದ ಸ್ತ್ರೀಯರ ವಿಷಯದಲ್ಲಿ ಇದು ಪ್ರಯಾಸದ ಕೆಲಸ. ಮದುವೆಯೊಡನೆ ತವರಿನ ಅಡ್ಡಹೆಸರು ಮರೆಯಾಗುತ್ತಿದ್ದುದರಿಂದ ತಂದೆಯ ಉಯಿಲು, ಚರ್ಚಿನ ದಾಖಲೆಗಳಲ್ಲಿ ಅದನ್ನು ಅರಸಬೇಕಾಗುತ್ತದೆ. ನಮ್ಮ ಶಾಸನಗಳಲ್ಲಿ ಕೆಲವೊಮ್ಮೆ ಈ ತೊಡಕೇ ಇಲ್ಲ.

ಕಪಿಲಾನದಿಯ ಮೇಲುಭಾಗದಲ್ಲಿರುವ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ನೆಯ ಇಸವಿಯ ಪದ್ಯಶಾಸನವೊಂದಿದೆ. ರೈಸ್ ಅವರು ಇದನ್ನು 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಇದರ ನಾಯಿಕೆ ದೇಕಬ್ಬೆ. ಆಕೆ ನುಗುನಾಡಿನ ಒಡೆಯ ರವಿಗನ ಮಗಳು, ನವಿಲೆನಾಡಿನ ಒಡೆಯ ಏಚನ ಮಡದಿ. ಏಚನು ಮಲ್ಲಯುದ್ಧದಲ್ಲಿ ಅರಸನ ದಾಯಾದಿಯೊಬ್ಬನನ್ನು ಕೊಂದನು. ಆ ಕಾರಣ ತಲಕಾಡಿನಲ್ಲಿ ಅವನ ವಧೆಯಾಯಿತು. ಸುದ್ದಿಯನ್ನು ಕೇಳಿದ ದೇಕಬ್ಬೆ ಬಂಧುಗಳು ತಡೆದರೂ ನಿಲ್ಲದೆ ಅಗ್ನಿಪ್ರವೇಶ ಮಾಡಿದಳು.

ಕವಿಯ ಉದ್ದೇಶ ಪ್ರಶಂಸೆ. ನಮ್ಮ ಉದ್ದೇಶ ಬೇರೆ. ಪ್ರಶಂಸೆಯನ್ನು ಬದಿಗಿಟ್ಟು ನೋಡಿದರೆ ಎರಡು ಮನೆತನಗಳು ಕಾಣುತ್ತವೆ. ನುಗುನಾಡಿನ ಹೆಸರು ಇಂದಿಗೂ ಕಪಿಲೆಯ ಉಪನದಿಯಾದ ನುಗುವಿನಲ್ಲಿ ಉಳಿದಿದೆ. ಹೆಣ್ಣು ಕೊಟ್ಟವನೂ ತಂದವನೂ ನಾಡೊಡೆಯರೇ ಆದುದರಿಂದ, ಸರಿಸಮಾನ ಪದವಿಯವರಲ್ಲಿ ನಡೆದ ಸಂಬಂಧವಿದೆಂಬುದು ಸ್ಪಷ್ಟ. ಆದರೆ ಆ ಪದವಿಗೂ ಮಿತಿಯಿತ್ತು. ಚೋಳರು ಹನ್ನೊಂದನೆಯ ಶತಮಾನದ ಆದಿಯಲ್ಲಿ ತಲಕಾಡನ್ನು ಗೆದ್ದು ರಾಜರಾಜಪುರವೆಂದು ಕರೆದಿದ್ದರು. 1116ರ ಸುಮಾರಿಗೆ ವಿಷ್ಣುವರ್ಧನನು ಅದನ್ನು ವಶಪಡಿಸಿಕೊಳ್ಳುವವರೆಗೂ ಅದು ಅವರ ಕೈಯಲ್ಲಿತ್ತು. ನವಿಲೆನಾಡಿನ ಒಡೆಯನೇ ಆದರೂ ಏಚನ ತಲೆ ಉಳಿಯಲಿಲ್ಲ.

ಬಂಧುಗಳು ತಡೆದರೆಂಬ ಮಾತನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಆಕೆಯ ದೃಢತೆಯನ್ನು ಎತ್ತಿತೋರಿಸಲು ಕವಿ ಬಳಸಿದ ಮಾರ್ಗವೂ ಅದಾಗಿರಬಹುದು. ಹಾಗಿದ್ದರೂ, ಮಗಳು ಸಾಯುವುದನ್ನು ತವರು ಒಪ್ಪಲಿಲ್ಲವೆಂದು ಕಲ್ಲಿನ ಮೇಲೆ ಬರೆಸಲು ಯಾರೂ ನಾಚಲಿಲ್ಲ. ಅಗ್ನಿಪ್ರವೇಶವು ಆ ಕುಟುಂಬದ ಕಡ್ಡಾಯವಾದ ಕಟ್ಟಳೆಯಾಗಿರಲಿಲ್ಲವೆಂದು ನಾವು ಇದರಿಂದ ಊಹಿಸುತ್ತೇವೆ. ರವಿಗನ ಅಧಿಕಾರಕ್ಕಿಂತ ಈ ಒಂದು ಸಂಗತಿಯೇ ಆ ಮನೆಯ ಒಳಗನ್ನು ಹೆಚ್ಚಾಗಿ ತಿಳಿಸುತ್ತದೆ.

ಹೆಸರಿನ ಬಗೆಗೂ ಒಂದು ಮಾತು. ಅತ್ತಿಮಬ್ಬೆ ಎಂಬಲ್ಲಿರುವಂತೆ ಇಲ್ಲಿಯೂ ‘ಅಬ್ಬೆ’ ಎಂಬುದು ತಾಯಿ ಎಂಬರ್ಥದ ಗೌರವಪದ. ಅದು ಕುಲವನ್ನಾಗಲಿ ಮನೆತನವನ್ನಾಗಲಿ ಸೂಚಿಸುವುದಿಲ್ಲ. ಅಂತಹ ಹೆಸರುಗಳು ನಂಜನಗೂಡಿನ ಬೇರೆ ಶಾಸನದಲ್ಲಿ ದೊರೆತರೆ, ಕೇವಲ ಅಬ್ಬೆಯ ಹೋಲಿಕೆಯಿಂದ ನಂಟು ಕಟ್ಟಬಾರದು. ತಂದೆಯ ಹೆಸರೂ ನಾಡಿನ ಹೆಸರೂ ಕೂಡಿಬರಬೇಕು.