ಪರದೆಯ ಅಂಕಿ, ಲೆಕ್ಕದ ಅಂಕಿ

ಕಳೆದ ಮಹಾಸಭೆಯಲ್ಲಿ ಚಾಲಿ ಅಡಿಕೆಯ ಬಾಕಿ ಪಾವತಿ ಪರದೆಯ ಮೇಲೊಂದು, ಮುದ್ರಿತ ವರದಿಯಲ್ಲೊಂದು ಇತ್ತು. ಸದಸ್ಯರು ಎದ್ದು ಕೇಳಿದ್ದು ನ್ಯಾಯವೇ. ತಪ್ಪು ನಮ್ಮದು. ಎಕ್ಸೆಲ್‌ನಲ್ಲಿ ಲೆಕ್ಕ ತಿದ್ದಿದ್ದೆವು. ಪವರ್‌ಪಾಯಿಂಟ್ ಸ್ಲೈಡಿನಲ್ಲಿ ಮೊದಲು ಅಂಟಿಸಿದ್ದ ಅಂಕಿ ಹಾಗೆಯೇ ಉಳಿದಿತ್ತು.

ಶಾಖೆಗಳ ಲೆಕ್ಕ ತೋರಿಸುವ ತರುಣ ಸದಸ್ಯರು ಗಮನಿಸಬೇಕು. ಎಕ್ಸೆಲ್ ಕಡತವನ್ನು ಸೇವ್ ಮಾಡಿ, ಕೋಷ್ಟಕವನ್ನು ಕಾಪಿ ಮಾಡಿ, ಸ್ಲೈಡಿನಲ್ಲಿ ‘ಪೇಸ್ಟ್ ಸ್ಪೆಷಲ್’ ತೆರೆದು ‘ಪೇಸ್ಟ್ ಲಿಂಕ್’ ಆರಿಸಿರಿ. ಆಗ ಸ್ಲೈಡು ಮೂಲ ಕಡತ ಎಲ್ಲಿದೆಯೆಂದು ನೆನಪಿಟ್ಟುಕೊಳ್ಳುತ್ತದೆ. ಮುಂದೆ ತೆರೆಯುವಾಗ ‘ಅಪ್‌ಡೇಟ್ ಲಿಂಕ್ಸ್’ ಒತ್ತಿದರೆ ತಿದ್ದಿದ ಅಂಕಿ ಬರುತ್ತದೆ.

ಸ್ಲೈಡುಗಳನ್ನಷ್ಟೇ ಪೆನ್‌ಡ್ರೈವಿಗೆ ತುಂಬಿಕೊಂಡು ಸಭಾಭವನಕ್ಕೆ ಹೋದರೆ ಕೊಂಡಿ ಮೂಲವನ್ನು ಕಾಣದು. ಕಚೇರಿಯಲ್ಲೇ ಅಪ್‌ಡೇಟ್ ಮಾಡಿ, ಸೇವ್ ಮಾಡಿ ಹೊರಡುವುದು ಕ್ಷೇಮ. ಮೂಲ ಕಡತದ ಜಾಗ ಬದಲಾಗಿದ್ದರೆ ಫೈಲ್, ಇನ್ಫೋ, ‘ಎಡಿಟ್ ಲಿಂಕ್ಸ್ ಟು ಫೈಲ್ಸ್’ನಲ್ಲಿ ‘ಚೇಂಜ್ ಸೋರ್ಸ್’ ಒತ್ತಿ ಹೊಸ ಜಾಗ ತೋರಿಸಬೇಕು.